ಕೆನಡಾ ಪೌರತ್ವಕ್ಕೆ ಅರ್ಜಿ ಹಾಕಿದರೆ ಅಮೆರಿಕದ ಗ್ರೀನ್ ಕಾರ್ಡ್ ಗತಿಯೇನು?

ಪ್ರಶ್ನೆ: ನಾವು ಕೆನಡಾದ ಒಂಟಾರಿಯೊದಲ್ಲಿದ್ದೇವೆ. 2022ರ ಮಾರ್ಚ್ 1ರಂದು ವರ್ಕ್ ಪರ್ಮಿಟ್ ಮೇಲೆ ಬಂದೆವು, 2023ರ ಮಾರ್ಚ್ 1ರಂದು ಪಿಆರ್ (ಕಾಯಂ ವಾಸದ ಹಕ್ಕು) ಆಯಿತು. ಅಮೆರಿಕದಲ್ಲಿರುವ ಅಣ್ಣ 2005ರಲ್ಲಿ ನನ್ನ ಹೆಸರಿನಲ್ಲಿ ಹಾಕಿದ್ದ ಅರ್ಜಿಯ ಸರದಿ ಕೊನೆಗೂ ಬಂದು, 2024ರ ಜುಲೈನಲ್ಲಿ ನನಗೆ, ಹೆಂಡತಿಗೆ, ಈಗ 15 ವರ್ಷದ ಮಗಳಿಗೆ ಗ್ರೀನ್ ಕಾರ್ಡ್ ಸಿಕ್ಕಿತು. ಅಲ್ಲಿಂದಲೇ ರೀ-ಎಂಟ್ರಿ ಪರ್ಮಿಟ್‌ಗೆ (ದೀರ್ಘಕಾಲ ಹೊರಗಿದ್ದು ಮರಳಲು ಬೇಕಾದ ಅನುಮತಿ) ಅರ್ಜಿ ಹಾಕಿ ವಾಪಸ್ ಬಂದಿದ್ದೇವೆ. ಕೆಲಸ, ಮನೆ, ಸ್ಕೂಲು ಎಲ್ಲ ಇಲ್ಲೇ. ಪಿಆರ್ ಆದಮೇಲೆ ಭಾರತದಲ್ಲಿ 60 ದಿನ, ಅಮೆರಿಕದಲ್ಲಿ 75 ದಿನ ಇದ್ದೆವು. ಕೆನಡಾ ಪೌರತ್ವಕ್ಕೆ ಅರ್ಜಿ ಹಾಕಬಹುದೇ? ಗ್ರೀನ್ ಕಾರ್ಡ್ ವಿಷಯ ಅದರಲ್ಲಿ ಹೇಳಬೇಕೇ? ಪೌರತ್ವ ಸಿಕ್ಕರೆ ಗ್ರೀನ್ ಕಾರ್ಡ್ ರದ್ದಾಗುತ್ತದೆಯೇ? ನನ್ನ ಗ್ರೀನ್ ಕಾರ್ಡ್‌ನಲ್ಲಿ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬಂದಿರುವುದರಿಂದ ತೊಂದರೆ ಇದೆಯೇ?

ಉತ್ತರ: ಅರ್ಜಿ ಹಾಕಬಹುದು. ಇನ್ನೊಂದು ದೇಶದ ಕಾಯಂ ವಾಸದ ಹಕ್ಕು ಕೈಯಲ್ಲಿದೆ ಎನ್ನುವುದು ಕೆನಡಾ ಪೌರತ್ವಕ್ಕೆ ಅಡ್ಡಿಯಾಗುವುದಿಲ್ಲ. ಕೆನಡಾದ ಪ್ರಜೆಯಾದಿರಿ ಎಂಬ ಒಂದೇ ಕಾರಣಕ್ಕೆ ಅಮೆರಿಕ ಗ್ರೀನ್ ಕಾರ್ಡನ್ನು ಕಿತ್ತುಕೊಳ್ಳುವುದೂ ಇಲ್ಲ. ಹಾಗೆಂದು ನಿರಾಳವಾಗಿ ಕೂರುವಂತಿಲ್ಲ. ನಿಮ್ಮ ಗ್ರೀನ್ ಕಾರ್ಡ್ ಈಗಾಗಲೇ ಅಪಾಯದಲ್ಲಿದೆ. ನೀವು ಅರ್ಜಿ ಹಾಕಿದರೂ ಹಾಕದಿದ್ದರೂ ಆ ಅಪಾಯ ಇದ್ದೇ ಇರುತ್ತದೆ, ಏಕೆಂದರೆ ಅದು ಹುಟ್ಟಿರುವುದು ನೀವು ಗಡಿಯ ಈಚೆ ಸಂಸಾರ ಹೂಡಿರುವುದರಿಂದ. ಎರಡು ದೇಶಗಳ ಲೆಕ್ಕಾಚಾರವೇ ಬೇರೆ. ಕೆನಡಾ ನೀವು ಇಲ್ಲಿ ಎಷ್ಟು ದಿನ ಇದ್ದಿರಿ ಎಂದು ಎಣಿಸುತ್ತದೆ. ಅಮೆರಿಕ ನಿಮ್ಮ ಮನೆ ಎಲ್ಲಿದೆ ಎಂದು ಕೇಳುತ್ತದೆ.

ಮೊದಲು ದಿನಗಳ ಲೆಕ್ಕ

ಅರ್ಜಿಯ ದಿನಕ್ಕೆ ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ 1,095 ದಿನ ಕೆನಡಾದ ನೆಲದ ಮೇಲೆ ಇದ್ದಿರಬೇಕು. ಪಿಆರ್ ಆದಮೇಲಿನ ಪ್ರತಿ ದಿನಕ್ಕೆ ಒಂದು ಪೂರ್ತಿ ದಿನ. ಅದಕ್ಕೂ ಮುಂಚೆ ವರ್ಕ್ ಪರ್ಮಿಟ್, ಸ್ಟಡಿ ಪರ್ಮಿಟ್ ಅಥವಾ ವಿಸಿಟರ್ ಆಗಿ ಕಾನೂನುಬದ್ಧವಾಗಿ ಇದ್ದ ದಿನಕ್ಕೆ ಅರ್ಧ ದಿನ. ಈ ಅರ್ಧಗಳ ಮೊತ್ತ 365 ದಿನ ಮೀರುವಂತಿಲ್ಲ.

ನಿಮ್ಮ ಲೆಕ್ಕ ಹೀಗಾಗುತ್ತದೆ. ವರ್ಕ್ ಪರ್ಮಿಟ್‌ನ 365 ದಿನಕ್ಕೆ 182.5 ದಿನ ಸಿಗುತ್ತದೆ. ಉಳಿದ 912.5, ಅಂದರೆ 913 ದಿನವನ್ನು ಪಿಆರ್ ಆದಮೇಲೆ ತುಂಬಿಸಬೇಕು. ಹೊರಗಿದ್ದ 135 ದಿನ ಸೇರಿಸಿದರೆ 2023ರ ಮಾರ್ಚ್ 1ರಿಂದ 1,048 ದಿನ ಕಳೆದಿರಬೇಕು. ಅದು ಮುಗಿಯುವುದು 2026ರ ಜನವರಿ 11ಕ್ಕೆ. ಕಾಗದದ ಮೇಲೆ ಜನವರಿ 12ರಿಂದ ನೀವು ಅರ್ಹರು. ಆದರೆ ಅದೇ ದಿನ ಅರ್ಜಿ ಹಾಕಬೇಡಿ, ಮೂರು-ನಾಲ್ಕು ವಾರ ಹೆಚ್ಚುವರಿ ಇಟ್ಟುಕೊಳ್ಳಿ. ಮರೆತುಹೋದ ಒಂದು ವಾರಾಂತ್ಯದ ಪ್ರವಾಸ ನಿಮ್ಮನ್ನು 1,094ಕ್ಕೆ ಇಳಿಸಿದರೆ ಅಧಿಕಾರಿ ಕರುಣೆ ತೋರಿಸಲು ಅವಕಾಶವೇ ಇಲ್ಲ. ಅರ್ಜಿ ತಿರಸ್ಕೃತವಾಗುತ್ತದೆ, ಸಂಸ್ಕರಣಾ ಶುಲ್ಕವೂ ಹೋಗುತ್ತದೆ.

ಹೊರಗಿದ್ದ ದಿನಗಳನ್ನು ಎಣಿಸುವಾಗ ಹೊರಟ ದಿನ, ಮರಳಿದ ದಿನ ಎರಡೂ ಕೆನಡಾದಲ್ಲಿದ್ದ ದಿನಗಳೇ. 10ರಂದು ಹೊರಟು 20ರಂದು ಬಂದರೆ ಗೈರುಹಾಜರಿ ಒಂಬತ್ತು ದಿನ. ನೀವು ಹೇಳಿದ 75 ದಿನ ಅಮೆರಿಕದ ಕಡೆಯಿಂದ ಎಣಿಸಿದ್ದಾದರೆ ಕೆನಡಾದ ಲೆಕ್ಕದಲ್ಲಿ ಅದು ಇನ್ನೂ ಕಡಿಮೆಯಾಗುತ್ತದೆ. ಅಮೆರಿಕವೂ ಬಂದ ದಿನ, ಹೋದ ದಿನ ಎರಡನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಬೆಳಿಗ್ಗೆ ಬಫಲೋಗೆ ಹೋಗಿ ರಾತ್ರಿ ವಾಪಸಾದದ್ದು ಗೈರುಹಾಜರಿ ಎನಿಸುವುದಿಲ್ಲ, ಆದರೂ ಅಂಥ ಪ್ರಯಾಣಗಳನ್ನು ಪಟ್ಟಿಯಲ್ಲಿ ಬರೆಯಿರಿ. ಎರಡು ದೇಶಗಳ ಗಡಿ ಇಲಾಖೆಗಳು ಪ್ರವೇಶ-ನಿರ್ಗಮನದ ಮಾಹಿತಿ ಹಂಚಿಕೊಳ್ಳುತ್ತವೆ: ನೀವು ಪೀಸ್ ಬ್ರಿಜ್ ದಾಟಿ ಅಮೆರಿಕದ ಕಿಟಕಿಯಲ್ಲಿ ಕಾರ್ಡ್ ತೋರಿಸಿದ್ದು ಕೆನಡಾದ ಕಡತದಲ್ಲಿ ನಿರ್ಗಮನವಾಗಿ ದಾಖಲಾಗಿರುತ್ತದೆ. ನೆನಪು ಸಾಲದಿದ್ದರೆ ಕೆನಡಾ ಗಡಿ ಸೇವೆಗಳ ಇಲಾಖೆಯಿಂದ ಮಾಹಿತಿ ಹಕ್ಕಿನ ಅರ್ಜಿಯ ಮೂಲಕ ನಿಮ್ಮ ಪ್ರಯಾಣದ ವಿವರ ತರಿಸಿಕೊಂಡು, ಅದಕ್ಕೆ ತಾಳೆ ಹಾಕಿ ಬರೆಯಿರಿ.

ತೆರಿಗೆಯ ಶರತ್ತು ಸುಲಭ: ಐದು ವರ್ಷಗಳಲ್ಲಿ ಕನಿಷ್ಠ ಮೂರು ತೆರಿಗೆ ವರ್ಷಗಳ ರಿಟರ್ನ್ ಸಲ್ಲಿಕೆಯಾಗಿರಬೇಕು. 2022, 2023, 2024ರದು ಸಲ್ಲಿಸಿದ್ದರೆ ಸಾಕು. 2025ರ ರಿಟರ್ನ್‌ನ ಗಡುವು 2026ರ ಏಪ್ರಿಲ್ 30, ಅದಕ್ಕಾಗಿ ಕಾಯಬೇಕಿಲ್ಲ. ಭಾಷೆಯ ಶರತ್ತು 18ರಿಂದ 54 ವರ್ಷದವರಿಗೆ ಮಾತ್ರ, ಕೇಳುವುದು ಮತ್ತು ಮಾತಾಡುವುದರಲ್ಲಿ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟದ ಅಳತೆ) 4. ಪಿಆರ್‌ಗಾಗಿ ಬರೆದಿದ್ದ ಐಇಎಲ್‌ಟಿಎಸ್ ಜನರಲ್ ಫಲಿತಾಂಶದ ಅವಧಿ ಮುಗಿದಿದ್ದರೂ ಪೌರತ್ವಕ್ಕೆ ನಡೆಯುತ್ತದೆ. ಮತ್ತೆ ಪರೀಕ್ಷೆಗೆ ದುಡ್ಡು ಸುರಿಯುವ ಮುನ್ನ ಹಳೆಯ ಕಡತ ಹುಡುಕಿ.

ಗ್ರೀನ್ ಕಾರ್ಡ್ ಹೇಳಬೇಕೇ?

ಹೇಳಲೇಬೇಕು. ಸಿಐಟಿ 0002 ಅರ್ಜಿಯಲ್ಲಿ ಕೆನಡಾ ಬಿಟ್ಟು ಬೇರೆ ದೇಶದಲ್ಲಿ ನಿಮಗಿರುವ ಪೌರತ್ವ ಅಥವಾ ವಲಸೆ ಸ್ಥಾನಮಾನ ಕೇಳುವ ಜಾಗವಿದೆ. ಅಲ್ಲಿ ಭಾರತದ ಪೌರತ್ವ ಹುಟ್ಟಿದ ದಿನದಿಂದ, ಅಮೆರಿಕದ ಕಾಯಂ ವಾಸ 2024ರ ಜುಲೈನ ಇಂಥ ದಿನದಿಂದ ಎಂದು ಎರಡೂ ಬರೆಯಿರಿ. ಹೆಂಡತಿಯ, ಮಗಳ ಅರ್ಜಿಯಲ್ಲೂ ಅಷ್ಟೇ. ಹೇಳಿದರೆ ಏನೂ ಆಗುವುದಿಲ್ಲ, ಮುಚ್ಚಿಟ್ಟರೆ ಆಗುತ್ತದೆ: ಸುಳ್ಳು ಮಾಹಿತಿ ಎಂದು ತೀರ್ಮಾನವಾದರೆ ಐದು ವರ್ಷ ಮತ್ತೆ ಪೌರತ್ವ ಪಡೆಯುವಂತಿಲ್ಲ.

ಈ ಬಗ್ಗೆ ಜನರಲ್ಲಿ ಇರುವ ಭಯಕ್ಕೆ ಒಂದು ಹಿನ್ನೆಲೆಯಿದೆ. ಪ್ರಜೆಯಾದ ಮೇಲೂ ಕೆನಡಾದಲ್ಲೇ ವಾಸಿಸುವ ಉದ್ದೇಶವಿದೆ ಎಂದು ಅರ್ಜಿದಾರರು ಘೋಷಿಸಬೇಕೆಂಬ ನಿಯಮ 2015ರಲ್ಲಿ ಜಾರಿಗೆ ಬಂದಿತ್ತು. ಗ್ರೀನ್ ಕಾರ್ಡ್ ಇದ್ದವರಿಗೆ ಆಗ ಅದು ನಿಜಕ್ಕೂ ಇಕ್ಕಟ್ಟಿನ ಪ್ರಶ್ನೆಯಾಗಿತ್ತು. 2017ರ ಜೂನ್‌ನಲ್ಲಿ ಆ ನಿಯಮವನ್ನೇ ತೆಗೆದುಹಾಕಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆರು ವರ್ಷದಲ್ಲಿ ನಾಲ್ಕು ವರ್ಷ ಎಂದಿದ್ದ ವಾಸದ ಅವಧಿಯೂ ಈಗಿನಂತೆ ಐದರಲ್ಲಿ ಮೂರಾಯಿತು. ಹಳೆಯ ಸಲಹೆಗಳು ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿವೆ, ನಂಬಬೇಡಿ.

ಅರ್ಜಿ ಸಾಮಾನ್ಯವಾಗಿ ಎಡವುವುದು ಸಣ್ಣ ವಿಷಯಗಳಲ್ಲಿ. ದಿನಗಳ ಲೆಕ್ಕದ ಕ್ಯಾಲ್ಕುಲೇಟರ್‌ನಲ್ಲಿ ಹಾಕಿದ ದಿನಾಂಕವೂ ಅರ್ಜಿಗೆ ಸಹಿ ಮಾಡಿದ ದಿನಾಂಕವೂ ಒಂದೇ ಇರಲಿ. ಐದು ವರ್ಷದ ವಿಳಾಸ ಮತ್ತು ಉದ್ಯೋಗದ ಪಟ್ಟಿಯಲ್ಲಿ ಒಂದು ತಿಂಗಳೂ ಖಾಲಿ ಬಿಡಬೇಡಿ. ನಿಮ್ಮ ವಿಷಯದಲ್ಲಿ 2022ರ ಮಾರ್ಚ್‌ಗೆ ಮುಂಚಿನ ಭಾರತದ ವಿಳಾಸವೂ ಬರಬೇಕು. ಐದು ವರ್ಷದ ಅವಧಿಯಲ್ಲಿ ಚಾಲ್ತಿಯಲ್ಲಿದ್ದ ಎಲ್ಲ ಪಾಸ್‌ಪೋರ್ಟ್‌ಗಳ ವಿವರದ ಪುಟ ಬೇಕು, ನಡುವೆ ನವೀಕರಿಸಿದ್ದರೆ ಹಳೆಯದರದ್ದೂ. ಹಿಂದಿನ ನಾಲ್ಕು ವರ್ಷಗಳಲ್ಲಿ ಬೇರೆ ಯಾವುದೇ ದೇಶದಲ್ಲಿ 183 ದಿನ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅಲ್ಲಿನ ಪೊಲೀಸ್ ಪ್ರಮಾಣಪತ್ರ ಕೇಳುತ್ತಾರೆ. ನಿಮಗೆ ಅಮೆರಿಕದ 75 ದಿನವಾಗಲಿ, ಭಾರತದ ದಿನಗಳಾಗಲಿ ಆ ಮಿತಿ ಮುಟ್ಟುವುದಿಲ್ಲ.

ವಯಸ್ಕರಿಗೆ ಸಂಸ್ಕರಣಾ ಶುಲ್ಕ 530 ಕೆನಡಾ ಡಾಲರ್, ಅದರ ಮೇಲೆ ನೂರು ಡಾಲರ್‌ಗಿಂತ ಸ್ವಲ್ಪ ಹೆಚ್ಚು ಪೌರತ್ವ ಹಕ್ಕಿನ ಶುಲ್ಕ. ಈ ಎರಡನೆಯದು ಆಗಾಗ ಏರುತ್ತದೆ, ಕಟ್ಟುವ ದಿನದ ದರ ನೋಡಿಕೊಳ್ಳಿ. ಮಗಳಿಗೆ 100 ಡಾಲರ್. ಅವಳು ಪಿಆರ್ ಆಗಿದ್ದು ನಿಮ್ಮ ಜೊತೆ ಅರ್ಜಿ ಹಾಕಿದರೆ 1,095 ದಿನದ ಶರತ್ತೂ ಇಲ್ಲ, ಪರೀಕ್ಷೆಯೂ ಇಲ್ಲ. ನಿಮಗಿಬ್ಬರಿಗೆ ಪೌರತ್ವ ಪರೀಕ್ಷೆಯಲ್ಲಿ 20 ಪ್ರಶ್ನೆ, 45 ನಿಮಿಷ, 15 ಸರಿ ಇರಬೇಕು.

ಗ್ರೀನ್ ಕಾರ್ಡ್ ಕಡೆ

ಇಲ್ಲಿ ಮುಖ್ಯವಾದದ್ದು ನಿಮ್ಮ ಉದ್ದೇಶ ಮತ್ತು ಬದುಕಿನ ಕುರುಹುಗಳು. ಕಾಯಂ ವಾಸಿ ಎಂದರೆ ಅಮೆರಿಕದಲ್ಲಿ ಕಾಯಂ ಆಗಿ ವಾಸಿಸುವವರು. 180 ದಿನಕ್ಕಿಂತ ಹೆಚ್ಚು ನಿರಂತರವಾಗಿ ಹೊರಗಿದ್ದು ಮರಳಿದರೆ ಕಾನೂನು ನಿಮ್ಮನ್ನು ಹೊಸದಾಗಿ ಪ್ರವೇಶ ಕೇಳುವವರಂತೆ ನೋಡಬಹುದು. ಒಂದು ವರ್ಷ ದಾಟಿದರೆ ಕಾರ್ಡೊಂದೇ ಪ್ರವೇಶಕ್ಕೆ ಸಾಲದು, ರೀ-ಎಂಟ್ರಿ ಪರ್ಮಿಟ್ ಬೇಕು. ಅದರ ಅವಧಿ ಸಾಮಾನ್ಯವಾಗಿ ಎರಡು ವರ್ಷ. ಅದನ್ನು ವಿಸ್ತರಿಸಲು ಬರುವುದಿಲ್ಲ. ಹೊಸದು ಬೇಕಾದರೆ ಅಮೆರಿಕದ ನೆಲದಲ್ಲಿ ನಿಂತು ಮತ್ತೆ ಅದರ ಅರ್ಜಿ ನಮೂನೆ ಐ-131 ಸಲ್ಲಿಸಬೇಕು. ಹಿಂದಿನ ಐದು ವರ್ಷಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ವರ್ಷ ಹೊರಗೇ ಇದ್ದವರಿಗೆ ಸಾಮಾನ್ಯವಾಗಿ ಒಂದೇ ವರ್ಷದ್ದು ಸಿಗುತ್ತದೆ.

ಮೂರು ತಿಂಗಳಿಗೊಮ್ಮೆ ಗಡಿ ದಾಟಿ ಮುಖ ತೋರಿಸಿ ಬಂದರೆ ಕಾರ್ಡ್ ಉಳಿಯುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಗಟ್ಟಿಯಾಗಿದೆ. ಅದು ತಪ್ಪು. ಅಧಿಕಾರಿ ಕೇಳುವುದು ಕೊನೆಯ ಸಲ ಯಾವಾಗ ಬಂದಿರಿ ಎಂದಷ್ಟೇ ಅಲ್ಲ: ಎಲ್ಲಿ ಕೆಲಸ, ಮನೆ ಯಾರ ಹೆಸರಿನಲ್ಲಿದೆ, ಮಗು ಯಾವ ಸ್ಕೂಲಿಗೆ ಹೋಗುತ್ತದೆ, ತೆರಿಗೆ ಎಲ್ಲಿ, ಹೇಗೆ ಕಟ್ಟುತ್ತೀರಿ. ನಿಮ್ಮ ಮಟ್ಟಿಗೆ ಪ್ರತಿ ಪ್ರಶ್ನೆಗೂ ಉತ್ತರ ಒಂಟಾರಿಯೊ. ರೀ-ಎಂಟ್ರಿ ಪರ್ಮಿಟ್ ಎಷ್ಟು ಕಾಲ ಹೊರಗಿದ್ದಿರಿ ಎಂಬ ಒಂದು ಅಂಶವನ್ನು ಮಾತ್ರ ನಿಮ್ಮ ವಿರುದ್ಧ ಬಳಸದಂತೆ ತಡೆಯುತ್ತದೆ. ಉಳಿದವು ತೆರೆದೇ ಇರುತ್ತವೆ. ಕೆನಡಾ ಪೌರತ್ವಕ್ಕಾಗಿ ನೀವು ದಾಖಲೆ ಸಮೇತ ಸಾಬೀತುಮಾಡುವ 1,095 ದಿನಗಳೂ ಇದೇ ಕಥೆಯನ್ನು ಹೇಳುತ್ತವೆ. ಪಾಸ್‌ಪೋರ್ಟ್‌ನ ಬಣ್ಣ ಬದಲಾದದ್ದಕ್ಕೆ ಯಾರೂ ತಕರಾರು ಎತ್ತುವುದಿಲ್ಲ.

ಗಡಿಯಲ್ಲಿ ಐ-407 ಎಂಬ ನಮೂನೆ ಮುಂದಿಟ್ಟು ಸಹಿ ಕೇಳಿದರೆ, ಅದು ನೀವಾಗಿ ಕಾಯಂ ವಾಸ ಬಿಟ್ಟುಕೊಡುವ ಪತ್ರ ಎಂದು ತಿಳಿದಿರಿ. ಸಹಿ ಮಾಡಲೇಬೇಕೆಂಬ ಕಡ್ಡಾಯವಿಲ್ಲ. ಮಾಡದಿದ್ದರೆ ವಲಸೆ ನ್ಯಾಯಾಧೀಶರ ಮುಂದೆ ಹಾಜರಾಗಲು ನೋಟಿಸ್ ಕೊಡಬಹುದು, ಅಲ್ಲಿ ತೀರ್ಮಾನ ಆಗುವವರೆಗೆ ನೀವು ಕಾಯಂ ವಾಸಿಯೇ.

ತೆರಿಗೆಯಲ್ಲಿ ಒಂದು ಬಲೆಯಿದೆ, ಅದರಲ್ಲಿ ಬುದ್ಧಿವಂತರೇ ಹೆಚ್ಚು ಬೀಳುತ್ತಾರೆ. ಗ್ರೀನ್ ಕಾರ್ಡ್ ಇರುವವರೆಗೆ ಅಮೆರಿಕಕ್ಕೆ ನಿಮ್ಮ ಜಗತ್ತಿನಾದ್ಯಂತದ ಆದಾಯ ತೋರಿಸಿ 1040 ರಿಟರ್ನ್ ಸಲ್ಲಿಸಬೇಕು. ಒಂಟಾರಿಯೊದ ತೆರಿಗೆಯೇ ಜಾಸ್ತಿ ಇರುವುದರಿಂದ, ಇಲ್ಲಿ ಕಟ್ಟಿದ್ದನ್ನು 1116 ನಮೂನೆಯಲ್ಲಿ ಕಳೆದರೆ ಸಂಬಳದ ಮೇಲೆ ಅಲ್ಲಿ ಕಟ್ಟಬೇಕಾದದ್ದು ಸಾಮಾನ್ಯವಾಗಿ ಉಳಿಯುವುದಿಲ್ಲ. ಆದರೂ ಸಲ್ಲಿಸಬೇಕು. ಈ ರಗಳೆ ಬೇಡವೆಂದು ಕೆಲವರು ಎರಡು ದೇಶಗಳ ತೆರಿಗೆ ಒಪ್ಪಂದದ ನೆರವು ಪಡೆದು, ನಾನು ಕೆನಡಾ ನಿವಾಸಿ ಎಂದು 8833 ನಮೂನೆ ಲಗತ್ತಿಸಿ 1040-ಎನ್‌ಆರ್ ಸಲ್ಲಿಸುತ್ತಾರೆ. ತೆರಿಗೆ ಕಾನೂನಿಗೆ ಅದು ಸರಿ. ವಲಸೆ ಕಾನೂನಿನ ಕಣ್ಣಿಗೆ ಅದು, ನಾನು ಅಮೆರಿಕದ ನಿವಾಸಿಯಲ್ಲ ಎಂದು ನೀವೇ ಬರೆದುಕೊಟ್ಟ ಸಾಕ್ಷಿ. ಇದರ ಜೊತೆಗೆ ವರ್ಷದ ಯಾವುದೇ ದಿನ ಅಮೆರಿಕದ ಹೊರಗಿನ ಖಾತೆಗಳ ಒಟ್ಟು ಮೊತ್ತ 10,000 ಅಮೆರಿಕ ಡಾಲರ್ ದಾಟಿದರೆ ಎಫ್‌ಬಾರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಬೇಕು. ನಿಮಗೆ ಹೊರಗಿನ ಖಾತೆ ಎಂದರೆ ಕೆನಡಾದ ಸಂಬಳದ ಖಾತೆ, ಊರಿನ ಬ್ಯಾಂಕಿನ ಎನ್‌ಆರ್‌ಇ, ಎನ್‌ಆರ್‌ಒ, ಎಫ್‌ಡಿ ಎಲ್ಲವೂ. ಭಾರತದ ಮ್ಯೂಚುವಲ್ ಫಂಡ್‌ಗಳಿಗೆ ಪ್ರತ್ಯೇಕ ಮತ್ತು ದುಬಾರಿ ನಿಯಮಗಳಿವೆ, ಅವನ್ನು ಎರಡೂ ದೇಶಗಳ ತೆರಿಗೆ ಬಲ್ಲವರಿಗೆ ತೋರಿಸಿ.

ಇಟ್ಟುಕೊಳ್ಳುವುದೋ, ಬಿಡುವುದೋ?

ಎರಡು-ಮೂರು ವರ್ಷದೊಳಗೆ ಅಮೆರಿಕಕ್ಕೆ ಹೋಗುವ ನಿಜವಾದ ಯೋಜನೆ ಇದ್ದರೆ ಕಾರ್ಡ್ ಇಟ್ಟುಕೊಳ್ಳಿ: 1040 ಸಲ್ಲಿಸುತ್ತಿರಿ, ಅಲ್ಲಿ ಬ್ಯಾಂಕ್ ಖಾತೆ, ವಿಳಾಸ, ಕೆಲಸ ಹುಡುಕುತ್ತಿರುವ ದಾಖಲೆ ಉಳಿಸಿಕೊಳ್ಳಿ, ಪರ್ಮಿಟ್ ಮುಗಿಯುವ ದಿನವನ್ನೇ ನಿಮ್ಮ ಗಡುವು ಮಾಡಿಕೊಳ್ಳಿ. ಆದರೆ ಮೊದಲು ಕೆನಡಾ ಪೌರತ್ವ ಮುಗಿಸಿ. ಇದಕ್ಕೆ ಕಾರಣವಿದೆ. ನೀವು ಗಳಿಸಿದ 1,095 ದಿನಗಳು ಐದು ವರ್ಷದ ಕಿಟಕಿಯಲ್ಲಿ ಮಾತ್ರ ಜೀವಂತ. ಈಗ ಅಮೆರಿಕಕ್ಕೆ ಹೊರಟುಹೋದರೆ ಅವು ಒಂದೊಂದಾಗಿ ಕಿಟಕಿಯಿಂದ ಹೊರಬೀಳುತ್ತವೆ. ಪಿಆರ್ ಉಳಿಸಿಕೊಳ್ಳಲೂ ಐದು ವರ್ಷದಲ್ಲಿ 730 ದಿನ ಇಲ್ಲಿರಬೇಕು. ಪ್ರಜೆಯಾದ ಮೇಲೆ ಆ ಕಟ್ಟುಪಾಡೇ ಇಲ್ಲ. ಅರ್ಜಿ ಹಾಕಿದ ನಂತರ ಪ್ರಯಾಣ ಮಾಡಬಹುದು, ಆದರೆ ಪ್ರಮಾಣವಚನದ ಕ್ಷಣದವರೆಗೂ ನೀವು ಪಿಆರ್ ಆಗಿಯೇ ಇರಬೇಕು, ಪ್ರಮಾಣವಚನದ ದಿನ ಕೆನಡಾದಲ್ಲೇ ಇರಬೇಕು.

ಮುಂದೆ ಅಮೆರಿಕದ ಪೌರತ್ವವೂ ಬೇಕೆಂದರೆ, ಅಲ್ಲಿ ಒಂದು ವರ್ಷ ಅಥವಾ ಹೆಚ್ಚು ನಿರಂತರವಾಗಿ ಹೊರಗಿದ್ದವರ ಅವಧಿ ಮುರಿದುಬೀಳುತ್ತದೆ, ರೀ-ಎಂಟ್ರಿ ಪರ್ಮಿಟ್ ಇದ್ದರೂ. ಮರಳಿ ನೆಲೆಸಿದ ಮೇಲೆ ಕನಿಷ್ಠ ನಾಲ್ಕು ವರ್ಷ ಒಂದು ದಿನ ಕಾಯಬೇಕು. ಹೊರಗಿದ್ದ ಈ ಕಾಲ ಅದಕ್ಕೆ ನೆರವಾಗುತ್ತದೆ ಎಂಬ ಲೆಕ್ಕ ಇಟ್ಟುಕೊಳ್ಳಬೇಡಿ. ವಿಂಡ್ಸರ್‌ನಲ್ಲಿ ಮನೆ ಮಾಡಿ ಡೆಟ್ರಾಯ್ಟ್‌ನಲ್ಲಿ ಕೆಲಸ ಮಾಡುವ ಗ್ರೀನ್ ಕಾರ್ಡ್‌ದಾರರಿಗೆ ‘ಕಮ್ಯೂಟರ್’ ಎಂಬ ಪ್ರತ್ಯೇಕ ವರ್ಗವಿದೆ, ಕಾರ್ಡ್ ಉಳಿಯುತ್ತದೆ. ಆ ವರ್ಷಗಳೂ ಅಮೆರಿಕದ ಪೌರತ್ವದ ವಾಸಾವಧಿಗೆ ಸೇರುವುದಿಲ್ಲ. ಎರಡೂ ಪೌರತ್ವ ಒಟ್ಟಿಗೆ ಇಟ್ಟುಕೊಳ್ಳಲು ಕೆನಡಾ 1977ರ ಫೆಬ್ರವರಿ 15ರಿಂದಲೇ ಅವಕಾಶ ಕೊಟ್ಟಿದೆ.

ಅಂಥ ಯೋಜನೆ ಇಲ್ಲದಿದ್ದರೆ ನನ್ನ ಅಭಿಪ್ರಾಯ ನೇರವಾಗಿದೆ: ಕೆನಡಾ ಪಾಸ್‌ಪೋರ್ಟ್ ಕೈಗೆ ಬಂದಮೇಲೆ ಐ-407 ಸಲ್ಲಿಸಿ ಗ್ರೀನ್ ಕಾರ್ಡನ್ನು ನೀವಾಗಿಯೇ ಬಿಟ್ಟುಬಿಡಿ. ಅದಕ್ಕೆ ಶುಲ್ಕವಿಲ್ಲ. ಇಪ್ಪತ್ತು ವರ್ಷ ಕಾದು ಸಿಕ್ಕಿದ್ದನ್ನು ಬಿಡುವುದು ಸಂಕಟದ ವಿಷಯ, ಒಪ್ಪುತ್ತೇನೆ. ಆದರೆ ಕೆನಡಾದ ಪ್ರಜೆಗೆ ಪ್ರವಾಸಕ್ಕೆ ಅಮೆರಿಕದ ವೀಸಾ ಬೇಡ. ಎಂಜಿನಿಯರ್, ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್‌ನಂಥ ವೃತ್ತಿಗಳಿಗೆ ಟಿಎನ್ ಪರವಾನಗಿಯಲ್ಲಿ ಒಮ್ಮೆಗೆ ಮೂರು ವರ್ಷದವರೆಗೆ ಕೆಲಸ ಮಾಡಬಹುದು. ಪಿಆರ್ ಇದ್ದವರಿಗೆ ಅದು ಸಿಗುವುದಿಲ್ಲ, ಪೌರತ್ವವೇ ಬೇಕು. ಬಿಡುವುದಾದರೆ 2030ರ ಡಿಸೆಂಬರ್ 31ರೊಳಗೆ ಬಿಡಿ. 15 ತೆರಿಗೆ ವರ್ಷಗಳಲ್ಲಿ 8 ವರ್ಷ ಗ್ರೀನ್ ಕಾರ್ಡ್ ಇದ್ದವರನ್ನು ಅಮೆರಿಕ ದೀರ್ಘಕಾಲದ ನಿವಾಸಿ ಎಂದು ಪರಿಗಣಿಸಿ ನಿರ್ಗಮನ ತೆರಿಗೆಯ (ಕಾರ್ಡ್ ಬಿಡುವಾಗ ಆಸ್ತಿಯ ಮೇಲೆ ಬೀಳಬಹುದಾದ ತೆರಿಗೆ) ನಿಯಮಕ್ಕೆ ಒಳಪಡಿಸುತ್ತದೆ. ಒಂದು ದಿನ ಕಾರ್ಡ್ ಇದ್ದರೂ ಅದು ಒಂದು ವರ್ಷ. 2024 ಮೊದಲನೆಯದಾದರೆ 2031ರ ಜನವರಿ 1ಕ್ಕೇ ಎಂಟು ತುಂಬುತ್ತದೆ. ಆ ತೆರಿಗೆಗೆ ಮಿತಿಯಾದ 20 ಲಕ್ಷ ಡಾಲರ್ ಆಸ್ತಿ ನನಗೆಲ್ಲಿದೆ ಎಂದು ಸುಮ್ಮನಿರಬೇಡಿ. ಹಿಂದಿನ ಐದು ವರ್ಷದ ತೆರಿಗೆ ಕರ್ತವ್ಯ ಪೂರ್ತಿ ಪಾಲಿಸಿದ್ದೇನೆ ಎಂದು ದೃಢೀಕರಿಸಲಾಗದವರೂ ಅದೇ ಬಲೆಗೆ ಬೀಳುತ್ತಾರೆ.

ಭಾರತದ ಪೌರತ್ವ

ನೀವು ಕೇಳಿಲ್ಲ, ಆದರೆ ಖಚಿತವಾಗಿ ಹೋಗುವುದು ಇದೊಂದೇ. ಪಿಆರ್‌ನಿಂದಾಗಲಿ ಗ್ರೀನ್ ಕಾರ್ಡ್‌ನಿಂದಾಗಲಿ ಭಾರತದ ಪೌರತ್ವಕ್ಕೆ ಏನೂ ಆಗಿಲ್ಲ. ಕೆನಡಾದ ಪ್ರಮಾಣವಚನ ಸ್ವೀಕರಿಸಿದ ಕ್ಷಣಕ್ಕೆ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಅದು ತಾನಾಗಿಯೇ ಕೊನೆಗೊಳ್ಳುತ್ತದೆ. ಅಲ್ಲಿಂದಾಚೆ ಭಾರತದ ಪಾಸ್‌ಪೋರ್ಟ್ ಮೇಲೆ ಪ್ರಯಾಣ ಮಾಡಿದರೆ ದಂಡ. ಪ್ರಮಾಣವಚನವಾದ ಕೂಡಲೇ ಕೆನಡಾ ಪಾಸ್‌ಪೋರ್ಟ್, ಆಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್, ಅದು ಬಂದಮೇಲೆ ಒಸಿಐ (ಸಾಗರೋತ್ತರ ಭಾರತೀಯರ ಕಾರ್ಡ್). ಮಗಳಿಗೂ ಈ ಮೂರೂ ಬೇಕು. ಅವಳಿಗೆ 20 ತುಂಬಿ ಹೊಸ ಪಾಸ್‌ಪೋರ್ಟ್ ಬಂದಾಗ ಒಸಿಐ ಒಮ್ಮೆ ಮರುಮುದ್ರಣ ಆಗಬೇಕು. ಪ್ರಮಾಣವಚನಕ್ಕೂ ಕೆನಡಾ ಪಾಸ್‌ಪೋರ್ಟ್ ಕೈಸೇರುವುದಕ್ಕೂ ನಡುವೆ ವಿಮಾನದ ಟಿಕೆಟ್ ತೆಗೆಯಬೇಡಿ: ಪಿಆರ್ ಕಾರ್ಡ್ ಅಷ್ಟರಲ್ಲಿ ಅಮಾನ್ಯ, ಕೆನಡಾಕ್ಕೆ ಮರಳುವ ವಿಮಾನ ಹತ್ತಲು ಬಿಡುವುದಿಲ್ಲ.

ಊರಿನ ಜಮೀನಿನ ಬಗ್ಗೆ ಚಿಂತೆ ಇದ್ದರೆ, ಒಸಿಐ ಆದವರು ಕೃಷಿ ಜಮೀನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಹೊರದೇಶದಲ್ಲಿ ನೆಲೆಸಿದ ಎನ್‌ಆರ್‌ಐ ಆಗಿ ಈಗಲೂ ನಿಮಗೆ ಕೊಳ್ಳುವ ಹಕ್ಕಿಲ್ಲ, ಹಾಗಾಗಿ ಇದರಲ್ಲಿ ಕಳೆದುಕೊಳ್ಳುವುದೇನಿಲ್ಲ. ಮತದಾರರ ಪಟ್ಟಿಯಿಂದ ಹೆಸರು ತೆಗೆಸಿ, ಬ್ಯಾಂಕಿಗೆ ಪೌರತ್ವ ಬದಲಾದದ್ದನ್ನು ತಿಳಿಸಿ ಕೆವೈಸಿ ಹೊಸದು ಮಾಡಿಸಿ.

‘ಎಫ್‌ಎನ್‌ಯು’ ವಿಷಯ

ನಮ್ಮಲ್ಲಿ ಮನೆತನದ ಹೆಸರು ಇಲ್ಲದವರೇ ಹೆಚ್ಚು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅಮೆರಿಕ ಇಡೀ ಹೆಸರನ್ನು ಸರ್‌ನೇಮ್ ಕಾಲಂಗೆ ತಳ್ಳಿ, ಮೊದಲ ಹೆಸರು ಗೊತ್ತಿಲ್ಲ ಎನ್ನುವುದಕ್ಕೆ ಆ ಮೂರಕ್ಷರ ಹಾಕುತ್ತದೆ. ಇದರಿಂದ ಪೌರತ್ವ ನಿಲ್ಲುವುದಿಲ್ಲ. ಆದರೆ ಕೆನಡಾದ ಪೌರತ್ವ ಪ್ರಮಾಣಪತ್ರ ಅವರ ವಲಸೆ ಕಡತದಲ್ಲಿರುವ ಹೆಸರನ್ನೇ ಹೊತ್ತು ಬರುತ್ತದೆ, ಪಾಸ್‌ಪೋರ್ಟ್ ಅದನ್ನೇ ಅನುಸರಿಸುತ್ತದೆ. ನಿಮ್ಮ ಪಿಆರ್ ಕಾಗದದಲ್ಲೂ ಹೆಸರೆಲ್ಲ ಒಂದೇ ಕಾಲಂನಲ್ಲಿದ್ದರೆ ಸರಿಪಡಿಸಲು ಒಳ್ಳೆಯ ಸಮಯ ಪೌರತ್ವದ ಅರ್ಜಿಗೆ ಮುಂಚೆ. ಒಂಟಾರಿಯೊದಲ್ಲಿ 12 ತಿಂಗಳು ವಾಸವಾಗಿದ್ದವರು ಪ್ರಾಂತ್ಯದ ಕಾನೂನಿನಡಿ ಹೆಸರು ಬದಲಾಯಿಸಿಕೊಳ್ಳಬಹುದು. ಆ ಪ್ರಮಾಣಪತ್ರವನ್ನು ಪೌರತ್ವದ ಅರ್ಜಿಗೆ ಲಗತ್ತಿಸಿದರೆ ಮುಂದಿನ ಕೆನಡಾ ದಾಖಲೆಗಳು ಹೊಸ ಹೆಸರಿನಲ್ಲೇ ಬರುತ್ತವೆ. ಗ್ರೀನ್ ಕಾರ್ಡ್ ಉಳಿಸಿಕೊಳ್ಳುವುದಾದರೆ ಅದೇ ಪ್ರಮಾಣಪತ್ರದ ಮೇಲೆ ಕಾರ್ಡ್ ಬದಲಾಯಿಸುವ ಐ-90 ನಮೂನೆ ಸಲ್ಲಿಸಿ ಅಲ್ಲಿಯೂ ತಿದ್ದಿಸಿ. ಸರೆಂಡರ್ ಮತ್ತು ಒಸಿಐ ಅರ್ಜಿಗಳಲ್ಲಿ ಹಳೆಯ ಪಾಸ್‌ಪೋರ್ಟ್‌ನ ಹೆಸರಿಗೂ ಹೊಸದಕ್ಕೂ ಹೊಂದಾಣಿಕೆ ತೋರಿಸಬೇಕಾಗುತ್ತದೆ, ಆದ್ದರಿಂದ ಹೆಸರು ಬದಲಾವಣೆಯ ಮೂಲ ಪ್ರತಿಯನ್ನು ಯಾರಿಗೂ ಕೊಡದೆ ದೃಢೀಕೃತ ನಕಲುಗಳನ್ನೇ ಬಳಸಿ.